ಪಂಚಾಯತ್ ಮೀಟಿಂಗಿನ ಚಾ-ತಿಂಡಿಗೆ ದುಡ್ಡು ಯಾರದ್ದು?

ಓದುಗರ ಪ್ರಶ್ನೆ: ನಮ್ಮ ಪಂಚಾಯತಿನಲ್ಲಿ ಮೀಟಿಂಗ್ ಆದಾಗಲೆಲ್ಲ ಚಾ, ತಿಂಡಿ ಇರುತ್ತದೆ. ಕೆಲವೊಮ್ಮೆ ಊಟವೂ ಇರುತ್ತದೆ. ಈ ಖರ್ಚು ಎಲ್ಲಿಂದ? ನಾವು ಲೆಕ್ಕ ಕೇಳಬಹುದಾ? ನನಗೆ ಮಲಯಾಳ ಓದಲು ಬರುವುದಿಲ್ಲ. (ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ಓದುಗರು)

ದುಡ್ಡು ನಿಮ್ಮದೇ. ಲೆಕ್ಕ ಕೇಳಬಹುದು, ಕನ್ನಡದಲ್ಲೇ ಕೇಳಬಹುದು.

ಕೇರಳದಲ್ಲಿ ಪಂಚಾಯತಿಗೆ ರಾಜ್ಯ ಸರ್ಕಾರದಿಂದ ಅಭಿವೃದ್ಧಿ ನಿಧಿ, ನಿರ್ವಹಣಾ ನಿಧಿ, ಸಾಮಾನ್ಯ ಉದ್ದೇಶದ ನಿಧಿ ಅಂತ ಮೂರು ಬಗೆಯ ಹಣ ಬರುತ್ತದೆ. ಇದಲ್ಲದೆ ಪಂಚಾಯತ್ ತಾನೇ ವಸೂಲು ಮಾಡುವ ಹಣವೂ ಇದೆ. ಕಚೇರಿಯಲ್ಲಿ ಇದನ್ನು ‘ತನತ್ ಫಂಡ್’ ಎನ್ನುತ್ತಾರೆ. ನಾವು ಕಟ್ಟುವ ಮನೆ ತೆರಿಗೆ, ಅಂಗಡಿಯವರ ಲೈಸೆನ್ಸ್ ಶುಲ್ಕ, ಪಂಚಾಯತ್ ಕಟ್ಟಡದ ಬಾಡಿಗೆ ಎಲ್ಲ ಇದಕ್ಕೇ ಸೇರುತ್ತದೆ. ಮೀಟಿಂಗಿನ ಚಾ ಕಚೇರಿಯ ದಿನನಿತ್ಯದ ಖರ್ಚು. ಸಾಮಾನ್ಯವಾಗಿ ಅದು ಈ ಹಣದಿಂದಲೇ ಹೋಗುತ್ತದೆ.

ಚಾ ಕೊಡುವುದೇ ತಪ್ಪು ಅಂತ ನನಗೆ ಅನಿಸುವುದಿಲ್ಲ. ಅದರಲ್ಲೂ ಗ್ರಾಮಸಭೆಯಲ್ಲಿ. ಪ್ರತಿ ವಾರ್ಡಿನಲ್ಲೂ ಮೂರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ಆಗಬೇಕು, ಮತದಾರರಲ್ಲಿ ನೂರಕ್ಕೆ 10 ಮಂದಿ ಬರಬೇಕು ಅಂತ ಕಾನೂನಿದೆ. ಬೀಡಿ ಕಟ್ಟುವ ಹೆಂಗಸರು, ಅಡಿಕೆ ತೋಟದ ಕೆಲಸಕ್ಕೆ ಹೋಗುವವರು ಅರ್ಧ ದಿನದ ಕೂಲಿ ಬಿಟ್ಟು ಶಾಲೆಯ ಬೆಂಚಿನಲ್ಲಿ ಬಂದು ಕೂರುತ್ತಾರೆ. ಅವರ ಕೈಗೆ ಒಂದು ಸ್ಟೀಲ್ ಲೋಟ ಚಾ, ಎರಡು ಗೋಳಿಬಜೆ ಕೊಟ್ಟರೆ ಯಾರಿಗೂ ನಷ್ಟವಿಲ್ಲ. ಕುಟುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘ) ಹೆಂಗಸರಿಂದ ತರಿಸಿದರೆ ಇನ್ನೂ ಒಳ್ಳೆಯದು. ಹಣ ಊರಲ್ಲೇ ಉಳಿಯುತ್ತದೆ.

ನಾವು ನೋಡಬೇಕಾದದ್ದು ಬಿಲ್ಲು. ಒಂದು ಸಲ ನಾನು ಕುಳಿತು ಒಂದು ವರ್ಷದ ವೌಚರುಗಳನ್ನು ನೋಡಿದ್ದೆ. ಹೆಚ್ಚಿನವು ಸರಿಯಾಗಿದ್ದವು. ತಾರೀಕು, ಯಾವ ಸಭೆ, ಎಷ್ಟು ಚಾ, ಎಷ್ಟು ವಡೆ, ಒಂದಕ್ಕೆ ಎಷ್ಟು ಅಂತ ಬರೆದಿತ್ತು. ಆದರೆ ಕೆಲವದರಲ್ಲಿ ‘ಸಭೆಯ ಖರ್ಚು’ ಅಂತ ಒಂದೇ ಸಾಲು, ಕೆಳಗೆ ಒಟ್ಟು ಮೊತ್ತ, ಅಷ್ಟೇ. ಎಷ್ಟು ಜನ ತಿಂದರು ಅಂತ ಅದರಲ್ಲಿ ಹೇಗೆ ಗೊತ್ತಾಗಬೇಕು? ನನಗೆ ಸಿಟ್ಟು ಬಂದದ್ದು ಅಲ್ಲೇ. ಸಭೆಗೆ ಬಂದವರು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿರುತ್ತಾರೆ ಅಲ್ವಾ? ಆ ಸಹಿಗಳನ್ನು ಎಣಿಸಿ, ಬಿಲ್ಲಿನ ಪಕ್ಕ ಇಟ್ಟು ನೋಡಿ. 40 ಸಹಿಗೆ 45 ಚಾ ಇದ್ದರೆ ಸಹಜ. 40 ಸಹಿಗೆ 120 ಊಟ ಇದ್ದರೆ ಕೇಳಲೇಬೇಕು.

ಮೊತ್ತ ಸಣ್ಣದು, ಸುಮ್ನೆ ಯಾಕೆ ಅಂತ ಕೆಲವರು ಹೇಳುತ್ತಾರೆ. ಚಾದ ಲೆಕ್ಕ ಸರಿಯಾಗಿ ಬರೆಯದ ಕಡೆ ರಸ್ತೆಯ ಲೆಕ್ಕ ಸರಿ ಇದೆ ಅಂತ ನಂಬುವುದು ನನಗೆ ಕಷ್ಟ.

ಕೇಳುವುದು ಹೇಗೆ? ಮಾಹಿತಿ ಹಕ್ಕು ಕಾಯ್ದೆ 2005ರ ಪ್ರಕಾರ ಪಂಚಾಯತಿನ ಮಾಹಿತಿ ಅಧಿಕಾರಿಗೆ ಬಿಳಿ ಹಾಳೆಯಲ್ಲಿ ಅರ್ಜಿ ಬರೆದು 10 ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪ್ ಅಂಟಿಸಿ ಕೊಡಿ. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕ ಇಲ್ಲ. ‘ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ಸಭೆಗಳ ಚಾ, ತಿಂಡಿ, ಊಟದ ವೌಚರು ಮತ್ತು ಆ ಸಭೆಗಳ ಹಾಜರಿ ಪುಸ್ತಕ ನೋಡಬೇಕು’ ಅಂತ ಬರೆದರೆ ಸಾಕು. ಕಾರಣ ಹೇಳಬೇಕಾಗಿಲ್ಲ. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮೇಲ್ಮನವಿ ಹಾಕಬಹುದು.

ಇನ್ನು ಭಾಷೆಯ ಮಾತು. ಕೇರಳದ 1969ರ ಅಧಿಕೃತ ಭಾಷಾ ಕಾನೂನಿನಲ್ಲಿ ನಮಗೊಂದು ಹಕ್ಕಿದೆ. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ನನ್ನ ಅರ್ಜಿಗೆ ಮೊದಲು ಬಂದದ್ದು ಮಲಯಾಳದ ಉತ್ತರ. ಅದರ ಪ್ರತಿಯ ಜೊತೆ ‘ದಯವಿಟ್ಟು ಕನ್ನಡದಲ್ಲಿ ಕೊಡಿ’ ಅಂತ ಬರೆದು ಕಳಿಸಿದೆ. ಎರಡು ವಾರದಲ್ಲಿ ಕನ್ನಡದಲ್ಲಿ ಬಂತು.