ಪೊಲೀಸರಿಗೆ ಯಾಕೆ ಹೇಳಲ್ಲ?

ಊರಿಂದ ಫೋನ್ ಮಾಡುವ ಗೆಳತಿಯರೂ ಕೇಳುತ್ತಾರೆ, ನಗರದಿಂದ ಬರುವ ಹೊಸ ಅಧಿಕಾರಿಗಳೂ ಕೇಳುತ್ತಾರೆ: ಮನೆಯಲ್ಲಿ ಅಷ್ಟು ಹೊಡೆತ ತಿಂದರೂ ಆ ಆದಿವಾಸಿ ಹೆಂಗಸರು ಪೊಲೀಸರಿಗೆ ಯಾಕೆ ಹೇಳಲ್ಲ? ಮಧ್ಯ ಆಸ್ಟ್ರೇಲಿಯಾದ ಆದಿವಾಸಿ ಹಳ್ಳಿಗಳಲ್ಲಿ ಸಮಾಜ ಕಾರ್ಯಕರ್ತೆ ನಾನು. ಈ ಪ್ರಶ್ನೆ ಕೇಳಿದಾಗಲೆಲ್ಲ ಬೇಜಾರಾಗುತ್ತದೆ.

ಹೇಳಿದರೆ ಏನಾಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಅದಕ್ಕೇ ಹೇಳಲ್ಲ.

2014ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಸೌತ್ ಹೆಡ್‌ಲ್ಯಾಂಡ್‌ನಲ್ಲಿ ಒಬ್ಬ ಆದಿವಾಸಿ ಹುಡುಗಿಯ ಸಂಗಾತಿ ಕುಟುಂಬ ಹಿಂಸೆ ತಡೆಯುವ ಆದೇಶ ಮುರಿದಿದ್ದಾನೆ ಅಂತ ಪೊಲೀಸರು ಮನೆಗೆ ಬಂದರು. ಹಳೇ ದಂಡ ಕಟ್ಟಿಲ್ಲ ಅಂತ ಅವಳನ್ನೂ ಹಿಡಿದುಕೊಂಡು ಹೋದರು. ಹಿಂದೆ ಅವನ ಹೊಡೆತಕ್ಕೆ ಮುರಿದಿದ್ದ ಪಕ್ಕೆಲುಬು ನಂಜಾಗಿತ್ತು. ಕಸ್ಟಡಿಯಲ್ಲಿರುವಾಗಲೇ ಸತ್ತಳು. ವಯಸ್ಸು 22. ದಂಡ ಕಟ್ಟದವರನ್ನು ಹೀಗೆ ಹಿಡಿದುಹಾಕುವ ಕಾನೂನು ಬದಲಾಗಿದ್ದು 2020ರಲ್ಲಿ. ಇಂಥ ಸುದ್ದಿಯನ್ನು ಇಲ್ಲಿ ಯಾರೂ ಮರೆಯಲ್ಲ.

ಇನ್ನು ಮಕ್ಕಳು. ಅಜ್ಜಿಯರ ಕಾಲದಲ್ಲಿ ಸರ್ಕಾರವೇ ಮಕ್ಕಳನ್ನು ಎತ್ತಿಕೊಂಡು ಹೋಗಿತ್ತು. ಈಗಲೂ, ಮನೆಯಲ್ಲಿ ಹೊಡೆದಾಟ ಅಂತ ಕಾಗದದ ಮೇಲೆ ಬಂದರೆ ಮಕ್ಕಳ ಇಲಾಖೆಯವರು ಬಾಗಿಲಿಗೆ ಬರಬಹುದು. ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿ ಪ್ರಾಂತ್ಯದಲ್ಲಂತೂ 2009ರಿಂದ ಗಂಭೀರ ಕುಟುಂಬ ಹಿಂಸೆ ಗೊತ್ತಾದ ವಯಸ್ಕರೆಲ್ಲ ಪೊಲೀಸರಿಗೆ ತಿಳಿಸಲೇಬೇಕು. ಉದ್ದೇಶ ಒಳ್ಳೆಯದೇ. ಆದರೆ ಕ್ಲಿನಿಕ್‌ಗೆ ಬಂದವಳು ಮೊದಲು ಕೇಳುವುದು, "ನಿನಗೆ ಹೇಳಿದ್ರೆ ನೀನು ಯಾರಿಗೆ ಹೇಳ್ತೀಯ?" ನಾನು ಸುಳ್ಳು ಹೇಳುವ ಹಾಗಿಲ್ಲ. ಕೆಲವರು ಊದಿದ ಕೈ ಮೇಲೆ ಅಂಗಿಯ ತೋಳು ಎಳೆದುಕೊಂಡು, ಸುಮ್ನೆ ಎದ್ದು ಹೋಗುತ್ತಾರೆ.

ಪೊಲೀಸರೇ ಬೇಡ ಅಂತ ನಾನು ಹೇಳುತ್ತಿಲ್ಲ. ಜೀವಕ್ಕೆ ಅಪಾಯ ಇದ್ದಾಗ ಅವರು ಬೇಕೇ ಬೇಕು, ಬೇಗ ಬರಬೇಕು. ಒಂದೊಂದು ಮನೆಯ ಕಥೆ ಒಂದೊಂದು ಥರ ಅನ್ನುವುದೂ ನಿಜ.

ಆದರೆ 2007 ನೆನಪಿಸಿಕೊಳ್ಳಿ. ನಾರ್ದರ್ನ್ ಟೆರಿಟರಿಯ ಆದಿವಾಸಿ ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ಬಂದ ವರದಿಯಲ್ಲಿ 97 ಶಿಫಾರಸುಗಳಿದ್ದವು. ಆದಿವಾಸಿಗಳ ಜೊತೆ ಕೂತು ಮಾತಾಡಿಯೇ ಯೋಜನೆ ಮಾಡಿ ಅನ್ನುವುದು ಮೊದಲನೆಯದರಲ್ಲೇ ಇತ್ತು. ಕೇಂದ್ರ ಸರ್ಕಾರ ಕಳಿಸಿದ್ದು ಸೈನ್ಯವನ್ನು. ಜನಾಂಗ ತಾರತಮ್ಯ ತಡೆಯುವ ಕಾನೂನನ್ನೇ ಬದಿಗಿಟ್ಟಿತು, ಸರ್ಕಾರಿ ಭತ್ಯೆಯ ದುಡ್ಡನ್ನು ಹೇಗೆ ಖರ್ಚು ಮಾಡಬೇಕು ಅನ್ನುವುದಕ್ಕೂ ಕಡಿವಾಣ ಹಾಕಿತು. ಹೊಡೆತ ತಿಂದವಳ ದುಡ್ಡಿಗೂ ಅದೇ ಕಡಿವಾಣ.

ಇದಕ್ಕೂ ಎಷ್ಟೋ ಮೊದಲು, 1980ರಲ್ಲೇ, ಮರುಭೂಮಿಯ ಹೆಂಗಸರು ಸೇರಿ ಎನ್‌ಪಿವೈ (ಮೂರು ಆದಿವಾಸಿ ಜನಾಂಗಗಳ ಹೆಸರಿನ ಮೊದಲಕ್ಷರಗಳು) ಮಹಿಳಾ ಮಂಡಳಿ ಕಟ್ಟಿದ್ದರು. 1994ರಿಂದ ಕುಟುಂಬ ಹಿಂಸೆಯ ಕೆಲಸವನ್ನೂ ನಡೆಸುತ್ತಿದ್ದಾರೆ. ಯಾವ ಮನೆಯಲ್ಲಿ ಯಾವ ಜಗಳ, ಯಾವ ಚಿಕ್ಕಮ್ಮನ ಮಾತು ನಡೆಯುತ್ತದೆ, ಎಲ್ಲ ಇಂಥ ಹೆಂಗಸರಿಗೆ ಗೊತ್ತು. ಹೊಸ ಅಧಿಕಾರಿ ಬಂದರೆ ನಾನು ಹೇಳುವುದಿಷ್ಟೇ: ಸ್ಟೇಷನ್‌ಗೆ ಹೋಗುವ ಮೊದಲು ಅವರನ್ನು ಭೇಟಿ ಮಾಡಿ, ಅವರ ಕೆಲಸಕ್ಕೆ ಖಾತ್ರಿಯಾಗಿ ದುಡ್ಡು ಸಿಗುವ ಹಾಗೆ ನೋಡಿ.