ಬಚ್ಚಲು ದಾಟಿದ ಮೇಲೆ ಸೋಪು ಏನಾಗುತ್ತದೆ?

ದಿನಬಳಕೆಯ ಪರಿಸರಸ್ನೇಹಿ ವಸ್ತುಗಳಲ್ಲಿ ತುಂಬಾ ಇಷ್ಟವಾದದ್ದು ಯಾವುದು ಅಂತ ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ: ಗಟ್ಟಿ ಸೋಪು. ಬಿದಿರಿನ ಬ್ರಷ್ಷು, ಸ್ಟೀಲ್ ಸ್ಟ್ರಾ, ಬಟ್ಟೆ ಚೀಲ ಎಲ್ಲವೂ ಇರಲಿ, ಅವುಗಳ ಬಗ್ಗೆ ನನ್ನ ತಕರಾರಿಲ್ಲ. ಆದರೆ ಇಂಥ ಪಟ್ಟಿಗಳಲ್ಲಿ ಸೋಪಿನ ಹೆಸರು ಕಾಣುವುದೇ ಕಡಿಮೆ. ಅದು ಹಳೆಯದು, ಎಲ್ಲರ ಮನೆಯಲ್ಲೂ ಇರುವಂಥದ್ದು, ಪೊಟ್ಟಣದ ಮೇಲೆ ಹಸಿರು ಎಲೆಯ ಚಿತ್ರವೂ ಇರುವುದಿಲ್ಲ. ನನಗೆ ಇದು ದೊಡ್ಡ ಅನ್ಯಾಯ ಅನ್ನಿಸುತ್ತದೆ.

ಸೋಪು ಕೊಳೆ ತೆಗೆಯುವ ಬಗೆ ಶಾಲೆಯಲ್ಲೇ ಓದಿರುತ್ತೇವೆ. ಅದರ ಅಣುವಿಗೆ ನೀರನ್ನು ಇಷ್ಟಪಡುವ ಒಂದು ತಲೆ, ಜಿಡ್ಡನ್ನು ಇಷ್ಟಪಡುವ ಒಂದು ಬಾಲ. ಬಾಲಗಳೆಲ್ಲ ಜಿಡ್ಡಿನೊಳಗೆ ನುಗ್ಗುತ್ತವೆ, ತಲೆಗಳು ಹೊರಗೆ ನೀರಿನ ಕಡೆ ನಿಲ್ಲುತ್ತವೆ, ಜಿಡ್ಡು ಸಣ್ಣ ಉಂಡೆಯಾಗಿ ನೀರಿನ ಜೊತೆ ಹೊರಟುಹೋಗುತ್ತದೆ. ಪುಸ್ತಕದ ಪಾಠ ಇಲ್ಲಿಗೆ ಮುಗಿಯುತ್ತದೆ. ನನ್ನ ಕುತೂಹಲ ಶುರುವಾಗುವುದೇ ಇಲ್ಲಿಂದ. ಆ ಸೋಪು ನಮ್ಮ ಬಚ್ಚಲು ದಾಟಿ ಹೋಯಿತಲ್ಲ, ಮುಂದೆ ಅದರ ಗತಿ ಏನು?

ಬ್ಯಾಕ್ಟೀರಿಯಾ ಅದನ್ನು ತಿಂದು ಮುಗಿಸುತ್ತವೆ. ಒಂದಿಷ್ಟೂ ಬಿಡದೆ.

ಸೋಪಿನ ಬಾಲ ಅಂದರೆ ಕೊಬ್ಬಿನಾಮ್ಲದ ಒಂದು ಉದ್ದನೆಯ, ನೇರವಾದ ಇಂಗಾಲದ ಸಾಲು. ಸ್ಟಿಯರಿಕ್ ಆಮ್ಲವನ್ನೇ ತೆಗೆದುಕೊಳ್ಳಿ, ಅದರಲ್ಲಿ 18 ಇಂಗಾಲದ ಪರಮಾಣುಗಳು ಸಾಲಾಗಿ ನಿಂತಿವೆ. ಇದೊಂದು ಮಣಿಸರ ಅಂದುಕೊಳ್ಳಿ. ಬ್ಯಾಕ್ಟೀರಿಯಾದ ಕಿಣ್ವಗಳು ಈ ಸರದ ಒಂದು ತುದಿ ಹಿಡಿದು ಎರಡೆರಡೇ ಮಣಿಗಳನ್ನು ಕತ್ತರಿಸುತ್ತಾ ಹೋಗುತ್ತವೆ. ಎಂಟು ಸಲ ಕತ್ತರಿ ಹಾಕಿದರೆ ಒಂಬತ್ತು ತುಂಡು, ಪ್ರತಿ ತುಂಡಿನಲ್ಲೂ ಎರಡೆರಡು ಇಂಗಾಲ. ಆ ತುಂಡುಗಳು ಜೀವಕೋಶದ ಒಲೆಯಲ್ಲಿ ಉರಿದು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತವೆ, ಒಂದಷ್ಟು ಬ್ಯಾಕ್ಟೀರಿಯಾದ ಮೈಯನ್ನೇ ಸೇರುತ್ತವೆ. ಇದಕ್ಕೆ ಬೀಟಾ ಆಕ್ಸಿಡೇಷನ್ ಅನ್ನುತ್ತಾರೆ. ನಮ್ಮ ದೇಹ ಕೊಬ್ಬನ್ನು ಕರಗಿಸುವುದೂ ಇದೇ ದಾರಿಯಲ್ಲಿ! ನೀವು ಈ ಸಾಲು ಓದುತ್ತಿರುವಾಗಲೂ ನಿಮ್ಮ ಜೀವಕೋಶಗಳ ಮೈಟೋಕಾಂಡ್ರಿಯಾಗಳಲ್ಲಿ ಇದು ನಡೆಯುತ್ತಿದೆ. ಚರಂಡಿಯ ಸೂಕ್ಷ್ಮಜೀವಿಗೂ ನಮಗೂ ಅಡುಗೆಯ ವಿಧಾನ ಒಂದೇ ಅನ್ನುವುದನ್ನು ಎಷ್ಟು ಸಲ ನೆನೆಸಿಕೊಂಡರೂ ನನಗೆ ಸಾಕಾಗುವುದಿಲ್ಲ.

ಹೀಗೆ ಎರಡೆರಡಾಗಿ ಕತ್ತರಿಸುತ್ತದೆ ಅಂತ ಗೊತ್ತಾಗಿದ್ದು ಹೇಗೆ? 1904ರಲ್ಲಿ ಜರ್ಮನಿಯ ಫ್ರಾನ್ಜ್ ಕ್ನೋಪ್ ಒಂದು ಉಪಾಯ ಮಾಡಿದರು. ಆಗ ಅಣುವನ್ನು ಹಿಂಬಾಲಿಸಲು ಈಗಿನ ಯಾವ ಉಪಕರಣವೂ ಇರಲಿಲ್ಲ. ಕ್ನೋಪ್ ಕೊಬ್ಬಿನಾಮ್ಲದ ಬಾಲದ ತುದಿಗೆ ಒಂದು ಬೆಂಜೀನ್ ಉಂಗುರ, ಅಂದರೆ ಆರು ಇಂಗಾಲಗಳ ಒಂದು ಬಳೆ, ಕಟ್ಟಿದರು. ಪ್ರಾಣಿಗಳ ದೇಹಕ್ಕೆ ಆ ಉಂಗುರವನ್ನು ಒಡೆಯಲು ಬರುವುದಿಲ್ಲ, ಹಾಗಾಗಿ ಅದು ಗುರುತಿನ ಚೀಟಿಯ ಹಾಗೆ ಕೊನೆವರೆಗೂ ಉಳಿಯುತ್ತದೆ. ಇದನ್ನು ನಾಯಿಗಳಿಗೆ ತಿನ್ನಿಸಿ ಅವುಗಳ ಮೂತ್ರ ಪರೀಕ್ಷೆ ಮಾಡಿದರು. ಬಾಲದಲ್ಲಿ ಸರಿಸಂಖ್ಯೆಯ ಇಂಗಾಲ ಇದ್ದರೆ ಉಂಗುರದ ಜೊತೆ ಎರಡು ಇಂಗಾಲ ಉಳಿದಿರುತ್ತಿತ್ತು, ಬೆಸಸಂಖ್ಯೆ ಇದ್ದರೆ ಒಂದೇ. ಬಾಲ ಎಷ್ಟು ಉದ್ದವಿದ್ದರೂ ಇದೇ ಕಥೆ. ದೇಹ ಒಂದೊಂದೇ ಇಂಗಾಲವನ್ನು ಕತ್ತರಿಸುತ್ತಿದ್ದರೆ ಸರಿ-ಬೆಸ ಅನ್ನುವ ಭೇದ ಬರುವುದೇ ಸಾಧ್ಯವಿರಲಿಲ್ಲ. ಹಾಗಾದರೆ ಎರಡೆರಡೇ ಹೋಗುತ್ತಿರಬೇಕು, ಅಲ್ವಾ? ಅಷ್ಟು ಸರಳ ತರ್ಕ. ನಾಯಿಯ ಮೂತ್ರದಿಂದ ಇಂಥ ಸತ್ಯ ಹೊರತೆಗೆದ ಮನುಷ್ಯನ ಹೆಸರು ಜಾಸ್ತಿ ಜನಕ್ಕೆ ಗೊತ್ತಿಲ್ಲ ಅನ್ನುವುದು ನನಗೆ ಬೇಜಾರಿನ ವಿಷಯ.

ಈಗ ಮಣಿಸರಕ್ಕೆ ವಾಪಸ್ ಬರೋಣ. ಸರ ನೇರವಾಗಿದ್ದರೆ ಕತ್ತರಿ ಸಲೀಸಾಗಿ ಓಡುತ್ತದೆ. ಅಲ್ಲಲ್ಲಿ ಬದಿಗೆ ಇನ್ನೊಂದು ಮಣಿ ಚಾಚಿಕೊಂಡಿದ್ದರೆ? ಆ ಜಾಗದಲ್ಲಿ ಕತ್ತರಿ ಕೂರುವುದೇ ಇಲ್ಲ. ಇಷ್ಟೇ ಸಣ್ಣ ವಿಷಯ ಒಂದು ಕಾಲದಲ್ಲಿ ನದಿಗಳನ್ನೇ ನೊರೆಯಲ್ಲಿ ಮುಳುಗಿಸಿತು.

ಎರಡನೇ ಮಹಾಯುದ್ಧದ ನಂತರ ಬಟ್ಟೆ ತೊಳೆಯುವ ಸಿಂಥೆಟಿಕ್ ಡಿಟರ್ಜೆಂಟುಗಳು ಮಾರುಕಟ್ಟೆ ತುಂಬಿದವು. ಅಮೆರಿಕದಲ್ಲಿ ಟೈಡ್ ಪುಡಿ ಬಂದಿದ್ದು 1946ರಲ್ಲಿ. ಇವು ಗೆದ್ದಿದ್ದಕ್ಕೆ ನ್ಯಾಯವಾದ ಕಾರಣವೂ ಇತ್ತು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೇರಿದರೆ ಸೋಪು ಬಿಳಿ ಗಸಿಯಾಗಿ ಬಟ್ಟೆಗೇ ಅಂಟಿಕೊಳ್ಳುತ್ತದೆ. ಡಿಟರ್ಜೆಂಟಿಗೆ ಆ ತೊಂದರೆ ಕಡಿಮೆ. ಆದರೆ ಆಗಿನ ಡಿಟರ್ಜೆಂಟಿನ ಬಾಲವನ್ನು ಪೆಟ್ರೋಲಿಯಂನಿಂದ ಸಿಗುವ ಅಗ್ಗದ ಪ್ರೊಪಿಲೀನ್ ಜೋಡಿಸಿ ಮಾಡುತ್ತಿದ್ದರು. ನಾಲ್ಕು ಪ್ರೊಪಿಲೀನ್ ಅಂಟಿಸಿದರೆ 12 ಇಂಗಾಲದ ಬಾಲ ಸಿಗುತ್ತದೆ, ಆದರೆ ಮೈತುಂಬ ಕವಲು. ಬ್ಯಾಕ್ಟೀರಿಯಾಗೆ ಅದು ಹಿಡಿಸಲಿಲ್ಲ. ತಿನ್ನದೆ ಬಿಟ್ಟ ಡಿಟರ್ಜೆಂಟು ಶುದ್ಧೀಕರಣ ಘಟಕಗಳನ್ನೂ ದಾಟಿ ನದಿಗೆ ಹೋಯಿತು. 1950ರ ದಶಕದಲ್ಲಿ ಯುರೋಪ್, ಅಮೆರಿಕದ ನದಿಗಳ ಅಣೆಕಟ್ಟುಗಳ ಕೆಳಗೆ ನೊರೆಯ ಗುಡ್ಡಗಳೇ ಎದ್ದವು. ಕೆಲವು ಕಡೆ ನಲ್ಲಿ ತಿರುಗಿಸಿದರೆ ಲೋಟದಲ್ಲೇ ನೊರೆ.

ಪಶ್ಚಿಮ ಜರ್ಮನಿ 1961ರಲ್ಲಿ ಇದಕ್ಕೊಂದು ಕಾನೂನು ತಂದಿತು. ಡಿಟರ್ಜೆಂಟಿನ ಮುಖ್ಯ ಅಂಶ ಕನಿಷ್ಠ 80 ಶೇಕಡ ಕೊಳೆಯುವಂಥದ್ದಾಗಿರಬೇಕು ಅನ್ನುವ ನಿಯಮ 1964ರಿಂದ ಜಾರಿಗೆ ಬಂತು. 1965ರ ಹೊತ್ತಿಗೆ ಅಮೆರಿಕದ ಕಂಪನಿಗಳೂ ಬದಲಾದವು. ಬದಲಾಯಿಸಿದ್ದು ಏನು ಗೊತ್ತಾ? ಬಾಲವನ್ನು ನೇರ ಮಾಡಿದರು, ಅಷ್ಟೇ. ಅದೂ ಪೆಟ್ರೋಲಿಯಂನಿಂದಲೇ ಬಂದದ್ದು, ಅದೂ ಕಾರ್ಖಾನೆಯದೇ. ಆದರೆ ಬ್ಯಾಕ್ಟೀರಿಯಾದ ಕತ್ತರಿಗೆ ಸಿಗುವ ಆಕಾರ. ಬೆಟ್ಟದಂಥ ನೊರೆ ಕೆಲವೇ ವರ್ಷಗಳಲ್ಲಿ ಇಳಿಯಿತು.

ಹಾಗಾಗಿಯೇ 'ನ್ಯಾಚುರಲ್' ಅಂತ ಬರೆದ ಪೊಟ್ಟಣ ನೋಡಿದ ಕೂಡಲೇ ನಂಬಿಬಿಡುವವರ ಬಗ್ಗೆ ನನಗೆ ಆತಂಕ. 'ಕೆಮಿಕಲ್ ಇಲ್ಲದ ಸೋಪು' ಅಂತ ಮಾರುವವರಂತೂ ಸುಳ್ಳು ಹೇಳುತ್ತಿದ್ದಾರೆ. ಕಾಸ್ಟಿಕ್ ಸೋಡಾದಂಥ ತೀಕ್ಷ್ಣ ಕ್ಷಾರ ಎಣ್ಣೆಗೆ ಸೇರದೆ ಗಟ್ಟಿ ಸೋಪು ಹುಟ್ಟುವುದೇ ಇಲ್ಲ. ಕ್ರಿಯೆ ಸರಿಯಾಗಿ ಮುಗಿದರೆ ಕ್ಷಾರ ಉಳಿಯುವುದಿಲ್ಲ, ಸೋಪು ಮತ್ತು ಗ್ಲಿಸರಿನ್ ಉಳಿಯುತ್ತವೆ. ಫ್ರಾನ್ಸಿನ ಮಿಶೆಲ್ ಶೆವ್ರಲ್ 1823ರಲ್ಲೇ ಕೊಬ್ಬುಗಳ ಮೇಲಿನ ತಮ್ಮ ಸಂಶೋಧನೆಯನ್ನೆಲ್ಲ ಒಂದು ಗ್ರಂಥವಾಗಿ ಪ್ರಕಟಿಸಿ ಇದನ್ನು ಬಿಡಿಸಿಟ್ಟರು. ಬಟ್ಟೆ ತೊಳೆಯಲು ಸೋಪೇ ಬೇಡ, ಈ ಮ್ಯಾಗ್ನೆಟ್ ಚೆಂಡು ಮಷೀನಿನೊಳಗೆ ಹಾಕಿದರೆ ಸಾಕು ಅನ್ನುವ ಜಾಹೀರಾತುಗಳಿಗೂ ಇದೇ ಮಾತು. ಬರೀ ನೀರು ಮಾಡುವ ಕೆಲಸವನ್ನೇ ಆ ಚೆಂಡು ತನ್ನ ಹೆಸರಿಗೆ ಬರೆದುಕೊಳ್ಳುತ್ತಿದೆ.

ಸರಿ, ದ್ರವ ಸೋಪೂ ಕೊಳೆಯುತ್ತದಲ್ಲ, ಗಟ್ಟಿ ಸೋಪೇ ಯಾಕೆ? ಬಾಟಲಿಯಲ್ಲಿ ನೀವು ಕೊಳ್ಳುವುದರಲ್ಲಿ ಹೆಚ್ಚಿನ ಪಾಲು ನೀರು. ನೀರು ಸಾಗಿಸಲು ಲಾರಿ, ನೀರು ತುಂಬಲು ಪ್ಲಾಸ್ಟಿಕ್, ನೀರಿದ್ದ ಮೇಲೆ ಸೂಕ್ಷ್ಮಜೀವಿ ಬೆಳೆಯದಂತೆ ಸಂರಕ್ಷಕಗಳು. ಒಂದು ಸಲ ಆ ಪಂಪನ್ನು ಬಿಚ್ಚಿ ನೋಡಿ. ಒಳಗೆ ಸಣ್ಣ ಸ್ಪ್ರಿಂಗು, ಎಷ್ಟೋ ಪಂಪುಗಳಲ್ಲಿ ಅದು ಲೋಹದ್ದು. ಒಂದು ಸಣ್ಣ ಗುಂಡು, ಉದ್ದನೆಯ ಕೊಳವೆ, ಎರಡು ಮೂರು ಬಗೆಯ ಪ್ಲಾಸ್ಟಿಕ್. ಇದನ್ನು ಬಿಡಿಸಿ ಬೇರೆ ಬೇರೆ ಮಾಡುವವರು ಯಾರು? ಬಾಟಲಿ ಮರುಬಳಕೆಗೆ ಹೋದರೂ ಪಂಪು ಸಾಮಾನ್ಯವಾಗಿ ಕಸಕ್ಕೇ. ಗಟ್ಟಿ ಸೋಪಿಗೆ ಒಂದು ಕಾಗದ ಸಾಕು. ಮೇಲಾಗಿ ಪಂಪು ಒತ್ತಿದಾಗ ಬೇಕಾದ್ದಕ್ಕಿಂತ ಜಾಸ್ತಿ ಬರುತ್ತದೆ, ಸೋಪು ಉಜ್ಜಿದಾಗ ಕೈಗೆ ಬರುವುದು ತೆಳುವಾದ ಒಂದು ಪದರ.

ಎಲ್ಲರೂ ಮುಟ್ಟಿದ ಸೋಪಿನಿಂದ ರೋಗ ಬರುವುದಿಲ್ಲವೇ ಅಂತ ಕೇಳುತ್ತಾರೆ. 1988ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಬೇಕೆಂತಲೇ ಬ್ಯಾಕ್ಟೀರಿಯಾ ಹಚ್ಚಿದ ಸೋಪುಗಳಿಂದ 16 ಮಂದಿ ಕೈ ತೊಳೆದರು. ಆಮೇಲೆ ಅವರ ಕೈಗಳಲ್ಲಿ ಆ ಬ್ಯಾಕ್ಟೀರಿಯಾ ಪತ್ತೆಯಾಗುವಷ್ಟು ಸಿಗಲಿಲ್ಲ. ಅದನ್ನು ಮಾಡಿದ್ದು ಸೋಪು ತಯಾರಿಸುವ ಕಂಪನಿಯ ವಿಜ್ಞಾನಿಗಳೇ, ಅದನ್ನೂ ಹೇಳಬೇಕು. ಆದರೆ ಕಾರಣ ಅರ್ಥವಾಗುವಂಥದ್ದು: ನೊರೆಯ ಜೊತೆ ಅವೂ ತೊಳೆದುಹೋಗುತ್ತವೆ. ಕೀಟಾಣುನಾಶಕ ಬೆರೆಸಿದ ಸೋಪು ಇನ್ನೂ ಒಳ್ಳೆಯದು ಅನ್ನುವ ನಂಬಿಕೆಯನ್ನಂತೂ ಬಿಡಲೇಬೇಕು. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಟ್ರೈಕ್ಲೋಸಾನ್ ಸೇರಿ 19 ಕೀಟಾಣುನಾಶಕಗಳನ್ನು ಮನೆಬಳಕೆಯ ಸೋಪುಗಳಿಂದ ಹೊರಗಿಟ್ಟಿತು. ಸಾಮಾನ್ಯ ಸೋಪು ಮತ್ತು ನೀರಿಗಿಂತ ಅವು ಹೆಚ್ಚು ರಕ್ಷಣೆ ಕೊಡುತ್ತವೆ ಎಂದು ತೋರಿಸಲು ಕಂಪನಿಗಳಿಂದ ಆಗಲಿಲ್ಲ. ಯೋಚಿಸಿ, ಚರಂಡಿಯಲ್ಲಿ ಸೋಪನ್ನು ತಿಂದು ಮುಗಿಸುವುದೇ ಬ್ಯಾಕ್ಟೀರಿಯಾ. ಅವುಗಳಿಗೇ ವಿಷ ಬೆರೆಸಿ ಕಳಿಸುವುದು ಯಾವ ಬುದ್ಧಿವಂತಿಕೆ?

ಸೋಪು ಪೂರ್ತಿ ನಿರಪರಾಧಿ ಅಂತ ನಾನು ಹೇಳುವುದಿಲ್ಲ. ಸೋಪಿಗೆ ಬೇಕಾದ ಸೋಡಾವನ್ನು ಹಿಂದೆ ಲಬ್ಲಾಂ ವಿಧಾನದಲ್ಲಿ ಮಾಡುತ್ತಿದ್ದರು. ಅದಕ್ಕೆ ಫ್ರಾನ್ಸಿನಲ್ಲಿ ಪೇಟೆಂಟ್ ಸಿಕ್ಕಿದ್ದು 1791ರಲ್ಲಿ. ಅದರಿಂದ ಹೊರಬರುತ್ತಿದ್ದ ಹೈಡ್ರೋಜನ್ ಕ್ಲೋರೈಡ್ ಅನಿಲ ಸುತ್ತಲಿನ ಗಿಡಮರ, ಬೆಳೆಗಳನ್ನು ಸುಟ್ಟುಹಾಕುತ್ತಿತ್ತು. ಬ್ರಿಟನ್ 1863ರಲ್ಲಿ ಆಲ್ಕಲಿ ಕಾಯ್ದೆ ತಂದು ಆ ಅನಿಲದ 95 ಶೇಕಡ ಭಾಗವನ್ನು ಹಿಡಿದಿಡಲೇಬೇಕು ಅಂದಿತು. ವಾಯುಮಾಲಿನ್ಯದ ಮೇಲೆ ಬಂದ ಮೊದಮೊದಲ ಗಟ್ಟಿ ಕಾನೂನುಗಳಲ್ಲಿ ಅದೂ ಒಂದು. ಇವತ್ತಿನ ತಕರಾರು ತಾಳೆ ಎಣ್ಣೆಯದು. ಇಂಡೋನೇಷ್ಯಾ, ಮಲೇಷ್ಯಾದಲ್ಲಿ ಅದಕ್ಕಾಗಿ ಮಳೆಕಾಡು ಕಡಿದಿದ್ದಾರೆ. ಹಾಗಂತ ತಾಳೆ ಬಿಟ್ಟು ಬೇರೆ ಎಣ್ಣೆಗೆ ಹೋದರೆ ಸಮಸ್ಯೆ ಮುಗಿಯುವುದಿಲ್ಲ. ಅಷ್ಟೇ ಎಣ್ಣೆ ತೆಗೆಯಲು ಬೇರೆ ಬೆಳೆಗಳಿಗೆ ಇನ್ನೂ ಜಾಸ್ತಿ ಭೂಮಿ ಬೇಕು. ಯಾವ ಎಣ್ಣೆ ಅನ್ನುವುದಕ್ಕಿಂತ ಅದು ಕಾಡು ಕಡಿದ ಜಾಗದ್ದೋ ಅಲ್ಲವೋ ಅನ್ನುವುದನ್ನು ನೋಡಬೇಕು.

ಇನ್ನೊಂದು ತಪ್ಪು ತಿಳುವಳಿಕೆ ಇದೆ. ಕೊಳೆಯುವ ಸೋಪು ತಾನೇ ಅಂತ ಕೆರೆಗೇ ಇಳಿದು ಉಜ್ಜಿಕೊಳ್ಳುವುದು. ಕೊಳೆಯುವುದಕ್ಕೆ ಆಮ್ಲಜನಕ ಬೇಕು, ಹೊತ್ತೂ ಬೇಕು. ಅಷ್ಟರೊಳಗೆ ಮೀನಿನ ಕಿವಿರಿಗೆ ಸೋಪು ಸೋಪೇ. ಕೈ ತೊಳೆದ ನೀರು ಮಣ್ಣಿಗೋ ಶುದ್ಧೀಕರಣ ಘಟಕಕ್ಕೋ ಹೋಗಲಿ. ಇನ್ನು ನೀರು ಬಿಸಿ ಮಾಡಲು ಉರಿಸುವ ಇಂಧನದ ಮುಂದೆ ಸೋಪು ತಯಾರಿಸುವ ಖರ್ಚು ಎಷ್ಟೋ ಸಲ ಸಣ್ಣದು. ಕೈ ತೊಳೆಯಲು ತಣ್ಣೀರು ಧಾರಾಳವಾಗಿ ಸಾಕು.

ಬೇರೆ ವಸ್ತುಗಳಿಗೂ ನಾನು ಮೊದಲು ಹಾಕುವ ಪ್ರಶ್ನೆ ಇದೇ: ಇದನ್ನು ತಿನ್ನುವ ಜೀವಿ ಎಲ್ಲಿದೆ? ಹೀರೆ ಜಾತಿಯ ಕಾಯಿಯ ಒಣನಾರು ಪಾತ್ರೆ ಉಜ್ಜಲು ಚೆನ್ನಾಗಿದೆ, ಸವೆದ ಮೇಲೆ ಮಣ್ಣಲ್ಲಿ ಹಾಕಿದರೆ ಶಿಲೀಂಧ್ರಗಳು ನೋಡಿಕೊಳ್ಳುತ್ತವೆ. ಪ್ಲಾಸ್ಟಿಕ್ ಸ್ಪಂಜು ಸವೆದರೆ ಸಣ್ಣ ಚೂರುಗಳಾಗಿ ನೀರು ಸೇರುತ್ತದೆ. 'ಕಾಂಪೋಸ್ಟ್ ಆಗುತ್ತದೆ' ಅಂತ ಬರೆದ ಪಿಎಲ್‌ಎ (ಜೋಳದಂಥ ಬೆಳೆಗಳಿಂದ ಮಾಡುವ ಪ್ಲಾಸ್ಟಿಕ್) ಲೋಟವನ್ನು ಹಿತ್ತಿಲ ಗುಂಡಿಗೆ ಹಾಕಿ ಕಾದರೆ ನಿರಾಸೆಯೇ. ಅದು ಬೇಗ ಕರಗಲು ಸುಮಾರು 60 ಡಿಗ್ರಿ ಸೆಲ್ಸಿಯಸ್ ಬಿಸಿಯನ್ನು ಬಿಡದೆ ಹಿಡಿದಿಡುವ ದೊಡ್ಡ ಕಾಂಪೋಸ್ಟ್ ಘಟಕ ಬೇಕು. ಸಮುದ್ರದಲ್ಲಿ ಅದು ಮಾಮೂಲಿ ಪ್ಲಾಸ್ಟಿಕ್ಕಿನ ಹಾಗೆಯೇ ತೇಲಾಡುತ್ತದೆ, ಇಲ್ಲವೇ ಮುಳುಗಿ ಕೂರುತ್ತದೆ.

ಹತ್ತಿ ಚೀಲಕ್ಕೆ ಈ ಒಂದು ಪ್ರಶ್ನೆ ಸಾಲದು. ಅದು ಮಣ್ಣಲ್ಲಿ ಕೊಳೆಯುತ್ತದೆ, ನಿಜ. ಆದರೆ ಹತ್ತಿ ಬೆಳೆಯಲು ನೀರು, ಗೊಬ್ಬರ, ಭೂಮಿ ಎಲ್ಲಾ ಹೋಗಿರುತ್ತದೆ. ಡೆನ್ಮಾರ್ಕ್‌ನ ಪರಿಸರ ಇಲಾಖೆ 2018ರಲ್ಲಿ ಲೆಕ್ಕ ಹಾಕಿಸಿದಾಗ, ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮ ಆಗಬೇಕಾದರೆ ಹವಾಮಾನದ ಒಂದೇ ಲೆಕ್ಕದಲ್ಲಿ ಹತ್ತಿ ಚೀಲವನ್ನು ಕನಿಷ್ಠ 52 ಸಲ ಬಳಸಬೇಕು ಅಂತ ಬಂತು. ಪರಿಸರದ ಎಲ್ಲಾ ಲೆಕ್ಕ ಸೇರಿದರೆ 7100 ಸಲ. ಬೀದಿಯಲ್ಲಿ ಬಿದ್ದ ಪ್ಲಾಸ್ಟಿಕ್ ಕಸ ಈ ಲೆಕ್ಕದಲ್ಲಿ ಇಲ್ಲ ಅನ್ನುವುದು ನೆನಪಿರಲಿ. ಆದರೂ ಇರುವ ಚೀಲವನ್ನು ಬಿಟ್ಟು ಪ್ರತಿ ಸಮಾರಂಭದಲ್ಲೂ ಹೊಸ ಹತ್ತಿ ಚೀಲ ಹಂಚುವುದು ಪರಿಸರಸೇವೆ ಆಗುವುದಿಲ್ಲ.

ಸೋಪು ಕೊಳ್ಳುವಾಗ ಪೊಟ್ಟಣದ ಹಿಂದಿನ ಸಣ್ಣ ಅಕ್ಷರ ಓದಿ. ಸೋಡಿಯಂ ಪಾಮೇಟ್, ಸೋಡಿಯಂ ಕೊಕೊಯೇಟ್, ಸೋಡಿಯಂ ಟ್ಯಾಲೊವೇಟ್ ಅಂತ ಇದ್ದರೆ ಅದು ಕ್ರಮವಾಗಿ ತಾಳೆ, ತೆಂಗು, ಪ್ರಾಣಿಕೊಬ್ಬಿನ ನಿಜವಾದ ಸೋಪು. ಎಲ್ಲಾ ಗಟ್ಟಿ ತುಂಡುಗಳೂ ಸೋಪಲ್ಲ, ಕೆಲವು ಸಿಂಥೆಟಿಕ್ ಡಿಟರ್ಜೆಂಟಿನವು. ಒಣ ಚರ್ಮದವರಿಗೆ ಅವೇ ಹಿತ ಅನ್ನಿಸಬಹುದು, ಅದರಲ್ಲಿ ತಪ್ಪೇನಿಲ್ಲ. ಸೋಪನ್ನು ನೀರು ನಿಲ್ಲುವ ತಟ್ಟೆಯಲ್ಲಿ ಇಡಬೇಡಿ, ಸುಮ್ನೆ ಕರಗಿ ಲೋಳೆಯಾಗುತ್ತದೆ. ಕೆಳಗೆ ಗಾಳಿಯಾಡುವ ಹಾಗೆ ಪಟ್ಟಿ ಅಥವಾ ತೂತು ಇರುವ ತಟ್ಟೆ ಸಾಕು. ಕೊನೆಗೆ ಉಳಿಯುವ ತೆಳ್ಳನೆಯ ಚೂರನ್ನು ಬಿಸಾಡಬೇಡಿ. ಅದನ್ನೂ ಹೊಸ ಸೋಪನ್ನೂ ಚೆನ್ನಾಗಿ ನೆನೆಸಿ, ಮೇಲ್ಮೈ ಮೆತ್ತಗಾದಾಗ ಒಂದಕ್ಕೊಂದು ಒತ್ತಿ ರಾತ್ರಿ ಬಿಟ್ಟರೆ ಬೆಳಗ್ಗೆ ಗಟ್ಟಿಯಾಗಿ ಹಿಡಿದುಕೊಂಡಿರುತ್ತದೆ.