ಮಾಸ್ಟ್ ಬದಲಿಸುವ ಮುಂಚೆ ಬೋರ್ಡ್ ಮಗುಚಿ ನೋಡಿ

"ಸರ್, ಕಾರ್ಬನ್ ಮಾಸ್ಟ್ ತಗೋಬೇಕಂತ ಮಾಡೇನ್ರಿ. ತಗೊಂಡ್ರ ಈ ಅಳ್ಳಾಡೋದು ನಿಲ್ಲತೈತೇನ್ರಿ?"

ಕೇಳಿದ್ದು ಹುಬ್ಬಳ್ಳಿಯ ಹುಡುಗ. ಶನಿವಾರ ನಸುಕಿನಲ್ಲೇ ಊರು ಬಿಟ್ಟು, ಘಟ್ಟ ಇಳಿದು, ಮಧ್ಯಾಹ್ನ ಗಾಳಿ ಏಳುವ ಹೊತ್ತಿಗೆ ಗೋವಾದ ಮೋರ್ಜಿಂ ದಂಡೆ ಸೇರುತ್ತಾನೆ. ತೂಕ 88 ಕೆ.ಜಿ. ವಿಂಗ್ ಫಾಯಿಲಿಂಗ್ ಶುರು ಮಾಡಿ ಎರಡು ಸೀಸನ್ ಆಗಿದೆ. ಹೊಸ ಮುಂದಿನ ರೆಕ್ಕೆ ಹಾಕಿದ ಮೇಲೆ ಜೈಬ್ ಮಾಡುವಾಗ, ಅಂದರೆ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು ದಿಕ್ಕು ತಿರುಗಿಸುವಾಗ, ಬೋರ್ಡ್ ಒಂದು ಕಡೆ, ನೀರೊಳಗಿನ ಫಾಯಿಲ್ ಇನ್ನೊಂದು ಕಡೆ ಎಳೆದ ಹಾಗಾಗುತ್ತದೆ ಅನ್ನುವುದು ಅವನ ದೂರು.

ಗೋವಾದಲ್ಲಿ ನಾನು ಮಾಡುವ ಕೆಲಸ ಎರಡು. ಗಾಳಿ ಇದ್ದಾಗ ಕಲಿಸುತ್ತೇನೆ, ಇಲ್ಲದಾಗ ಬೋರ್ಡ್ ರಿಪೇರಿ ಮಾಡುತ್ತೇನೆ. ಎರಡೂ ಕಡೆ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಹೆಚ್ಚು ಸ್ಟಿಫ್ ಆದ ಮಾಸ್ಟ್‌ನಿಂದ ವ್ಯತ್ಯಾಸ ಆಗುತ್ತದಾ? ಖಂಡಿತ ಆಗುತ್ತದೆ. ಆದರೆ ನಿಮ್ಮ ಸೆಟ್‌ನಲ್ಲಿ ಎಲ್ಲಕ್ಕಿಂತ ಜಾಸ್ತಿ ಬಳುಕುತ್ತಿರುವುದು ಮಾಸ್ಟೇ ಆಗಿದ್ದರೆ ಮಾತ್ರ.

ಈ ಆಟ ನೋಡದವರಿಗೆ ಸ್ವಲ್ಪ ಹೇಳುತ್ತೇನೆ. ಕೈಯಲ್ಲಿ ಗಾಳಿ ತುಂಬಿದ ವಿಂಗ್, ಕಾಲಡಿ ಬೋರ್ಡ್. ಬೋರ್ಡ್‌ನ ಕೆಳಗೆ ನೀರಿಗಿಳಿದ ಕಂಬವೇ ಮಾಸ್ಟ್. ಅದರ ತುದಿಯಲ್ಲಿ ಅಡ್ಡ ಕೂತ ಫ್ಯೂಸಲಾಜ್, ಅದಕ್ಕೆ ಮುಂದೊಂದು ದೊಡ್ಡ ರೆಕ್ಕೆ, ಹಿಂದೊಂದು ಚಿಕ್ಕದು. ವೇಗ ಬಂದರೆ ರೆಕ್ಕೆ ಎತ್ತುತ್ತದೆ, ಬೋರ್ಡ್ ನೀರು ಬಿಟ್ಟು ಮೇಲೇಳುತ್ತದೆ. ಆಮೇಲೆ ನಿಮ್ಮ ಕಾಲಿಗೂ ಆ ರೆಕ್ಕೆಗೂ ಮಧ್ಯೆ ಇರುವ ಸಂಬಂಧ ಈ ಕಂಬ ಒಂದೇ.

ನಮ್ಮದು ಶಿರಸಿ ಕಡೆಯ ಊರು. ಅಡಿಕೆ ತೋಟದವರಿಗೆ ಕಾರ್ಬನ್ ಫೈಬರ್ ದೋಟಿ ಈಗ ಹೊಸತಲ್ಲ. ನೆಲದ ಮೇಲೆ ನಿಂತೇ ಕೊನೆ ಕೊಯ್ಯುತ್ತಾರೆ, ಮದ್ದು ಹೊಡೆಯುತ್ತಾರೆ. ದೋಟಿ ಹಿಡಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಇನ್ನೊಂದು ತುಂಡು ಮೇಲೆ ಎಳೆದರೆ ತುದಿ ಸ್ವಲ್ಪ ಅಲ್ಲ, ಸಿಕ್ಕಾಪಟ್ಟೆ ಓಲಾಡುತ್ತದೆ. ಒಂದು ತುದಿ ಬಿಗಿಯಾಗಿ ಹಿಡಿದ ಕೋಲಿನ ಇನ್ನೊಂದು ತುದಿಗೆ ಅಡ್ಡ ಬಲ ಬಿದ್ದರೆ, ಅದು ಬಾಗುವುದು ಉದ್ದದ ಘನಕ್ಕೆ ತಕ್ಕ ಹಾಗೆ. ಉದ್ದ ಎರಡು ಪಟ್ಟಾದರೆ ಬಾಗು ಎಂಟು ಪಟ್ಟು. ಇದೇ ಲೆಕ್ಕ ಮಾಸ್ಟ್‌ಗೂ ಬರುತ್ತದೆ. 85 ಸೆಂ.ಮೀ. ಮಾಸ್ಟ್ ತೆಗೆದು ಅದೇ ಕಂಪನಿಯ ಅದೇ ಥರದ 75 ಸೆಂ.ಮೀ. ಹಾಕಿ, ಅಷ್ಟೇ ಬಲಕ್ಕೆ ಸುಮಾರು 30 ಶೇಕಡಾ ಕಡಿಮೆ ಬಾಗುತ್ತದೆ. ತಿರುಚಿಕೊಳ್ಳುವುದು ಮಾತ್ರ ಉದ್ದಕ್ಕೆ ಸಮನಾಗಿ, ಅಂದರೆ 12 ಶೇಕಡಾದಷ್ಟೇ ಇಳಿಯುತ್ತದೆ.

ಹುಡುಗನಿಗೆ ಹೌದು, ಅಲ್ಲ ಏನೂ ಹೇಳಲಿಲ್ಲ. ಬ್ಯಾಗ್ ಹಾಸಿ ಬೋರ್ಡ್ ಮಗುಚಿ ಹಾಕು ಅಂದೆ. ಅವನು ಬೋರ್ಡ್ ಮೇಲೆ ಮೊಣಕಾಲೂರಿ ಒತ್ತಿ ಹಿಡಿದ. ನಾನು ಮುಂದಿನ ರೆಕ್ಕೆಯ ತುದಿ ಹಿಡಿದು ನಿಧಾನ ಹಿಂದೆ ಮುಂದೆ ತಿರುಗಿಸಿದೆ, ಆಮೇಲೆ ಮೇಲೆ ಕೆಳಗೆ. ಇನ್ನೊಂದು ಕೈಯ ಹೆಬ್ಬೆರಳು ಮಾಸ್ಟ್ ಮತ್ತು ಫ್ಯೂಸಲಾಜ್ ಕೂಡುವ ಗೆರೆಯ ಮೇಲೆ. ಅರ್ಧ ಬೆರಳಿನ ಚರ್ಮ ಈ ಕಡೆ, ಅರ್ಧ ಆ ಕಡೆ. ಮಾಸ್ಟ್ ನಿಜವಾಗಿ ಬಳುಕುತ್ತಿದ್ದರೆ ಸದ್ದಿರುವುದಿಲ್ಲ, ಮೆತ್ತಗೆ ಬಾಗಿ ಮೆತ್ತಗೆ ವಾಪಸ್ ಬರುತ್ತದೆ. ಜೋಡಣೆ ಸಡಿಲ ಇದ್ದರೆ ಬೆರಳಿಗೆ 'ಟಕ್' ಅಂತ ತಾಗುತ್ತದೆ. ಅವನದು ಟಕ್ ಅಂತು.

ಸ್ಕ್ರೂ ಬಿಚ್ಚಿದೆವು. ತೂತಿನ ತಳದಲ್ಲಿ ಮರಳು, ಉಪ್ಪು ಸೇರಿ ಕಲ್ಲಿನಂತಾಗಿತ್ತು. ಸ್ಕ್ರೂನ ತುದಿ ಅದಕ್ಕೆ ತಾಗಿ ನಿಲ್ಲುತ್ತಿತ್ತು. ಅಲೆನ್ ಕೀ ಹಿಡಿದ ಕೈಗೆ ಬಿಗಿಯಾಯಿತು ಅನಿಸುತ್ತದೆ, ತಲೆ ಮಾತ್ರ ಪೂರ್ತಿ ಕೂತಿರುವುದಿಲ್ಲ. ಸಿಹಿನೀರು ಹಾಕಿ, ಟೂತ್‌ಬ್ರಷ್‌ನಲ್ಲಿ ಉಜ್ಜಿ, ಗ್ರೀಸ್ ಹಚ್ಚಿ ಮತ್ತೆ ಬಿಗಿದೆವು. ಆ ಸಂಜೆ ನೀರಿನಿಂದ ಬಂದವನು "ಅರ್ಧ ಕಮ್ಮಿ ಆತ್ರಿ" ಅಂದ. ಖರ್ಚು ಸೊನ್ನೆ.

ಹಾಗೆಯೇ ಬೋರ್ಡ್‌ನ ತಳವನ್ನೂ ನೋಡಬೇಕು. ಮಾಸ್ಟ್‌ನ ಪ್ಲೇಟ್ ನಾಲ್ಕು ಸ್ಕ್ರೂನಲ್ಲಿ, ತಳದಲ್ಲಿ ಹುದುಗಿಸಿದ ಎರಡು ಉದ್ದ ಸೀಳುಗಳಿಗೆ, ಅಂದರೆ ಟ್ರ್ಯಾಕ್‌ಗಳಿಗೆ ಕೂತಿರುತ್ತದೆ. ಆ ಟ್ರ್ಯಾಕ್‌ಗಳ ಅಂಚಿನಲ್ಲಿ ಕೂದಲೆಳೆಯ ಬಿರುಕು ಇದ್ದರೆ ತೊಂದರೆ ಬೋರ್ಡ್‌ನದು. ಇದನ್ನು ನಾನು ಒಬ್ಬರಿಗೆ ಆಗಿರುವ ನಷ್ಟದಿಂದ ಕಲಿತೆ. ಬೋರ್ಡ್ ಮಗುಚಿ ನೋಡದೆ ಕಾರ್ಬನ್ ತಗೊಳ್ಳಿ ಅಂದುಬಿಟ್ಟಿದ್ದೆ. ಹೊಸ ಮಾಸ್ಟ್ ಬಾಗಲಿಲ್ಲ, ಹೊಡೆತವೆಲ್ಲ ಟ್ರ್ಯಾಕ್‌ಗೆ ಹೋಯಿತು. ಮೊದಲೇ ಬಿರುಕಿದ್ದ ಜಾಗ ಆ ಸೀಸನ್ ಮುಗಿಯುವುದರೊಳಗೆ ಬಾಯಿಬಿಟ್ಟಿತು. ಇವತ್ತಿಗೂ ಅದು ಮನಸ್ಸಿನಲ್ಲಿದೆ.

ಸರಿ, ಹುಡುಗನ ಉಳಿದ ಅರ್ಧ? ಅದು ನಿಜವಾಗಿ ಮಾಸ್ಟ್‌ನದೇ. ಹಳೆಯ ರೆಕ್ಕೆ ತುದಿಯಿಂದ ತುದಿಗೆ 80 ಸೆಂ.ಮೀ. ಇತ್ತು, ಹೊಸದು 105. ಅಗಲ ಕಡಿಮೆ, ಉದ್ದ ಜಾಸ್ತಿ. ಸನ್ನೆಕೋಲು ಉದ್ದವಾದರೆ ತುದಿಗೆ ಬಿದ್ದ ಸಣ್ಣ ಬಲವೂ ಬುಡವನ್ನು ಜೋರಾಗಿ ತಿರುಚುತ್ತದೆ, ಅಲ್ವಾ? ಅದರ ಮೇಲೆ 88 ಕೆ.ಜಿ. ತೂಕ. ಕಾಲು ಈಗ ಹೇಳಿದ್ದು ರೆಕ್ಕೆಗೆ ಒಂದು ಚಣ ತಡವಾಗಿ ಮುಟ್ಟುತ್ತದೆ. ತಿರುವಿನಲ್ಲಿ ಆ ಒಂದು ಚಣವೇ ಬೀಳಿಸುತ್ತದೆ. ಇಂಥವರಿಗೆ ಸ್ಟಿಫ್ ಮಾಸ್ಟ್ ದುಡ್ಡಿಗೆ ತಕ್ಕ ಬೆಲೆ ಕೊಡುತ್ತದೆ. ಗಾಳಿ 18 ನಾಟ್ ದಾಟಿದಾಗ, ಗಾಳಿಗೆದುರು ಓರೆಯಾಗಿ ಏರುವಾಗ, ವೇಗದ ಜೈಬ್‌ನಲ್ಲಿ ಅದು ಕಾಲಿಗೇ ಗೊತ್ತಾಗುತ್ತದೆ.

ಪಂಪ್ ಮಾಡಿ, ಅಂದರೆ ಕಾಲಿನಿಂದ ಬೋರ್ಡ್ ಒತ್ತಿ ಬಿಟ್ಟು ಒತ್ತಿ ಬಿಟ್ಟು, ಮೇಲೇಳುವುದು ಸುಲಭ ಆಗುತ್ತದೆ ಅಂತ ಮಾತ್ರ ತಗೋಬೇಡಿ. ಪಂಪ್ ಮಾಡುವಾಗ ಬಲ ಬೀಳುವುದು ಮೇಲೆ ಕೆಳಗೆ, ಹಿಂದೆ ಮುಂದೆ. ಆ ದಿಕ್ಕಿನಲ್ಲಿ ಮಾಸ್ಟ್‌ನ ಅಗಲ ಸುಮಾರು 12 ಸೆಂ.ಮೀ., ಅಡ್ಡ ದಿಕ್ಕಿನ ದಪ್ಪ ಒಂದೂವರೆ ಸೆಂ.ಮೀ. ಅಷ್ಟೇ. ಅಡಿಕೋಲನ್ನು ಚಪ್ಪಟೆ ಹಿಡಿದು ಬಗ್ಗಿಸಿ, ಆಮೇಲೆ ಅಂಚಿನ ಮೇಲೆ ನಿಲ್ಲಿಸಿ ಬಗ್ಗಿಸಲು ನೋಡಿ. ಪಂಪ್‌ನಲ್ಲಿ ಶಕ್ತಿ ಸೋರಿಹೋಗುತ್ತಿದ್ದರೆ ಫ್ಯೂಸಲಾಜ್ ನೋಡಿ, ರೆಕ್ಕೆ ಸಾಕಷ್ಟು ದೊಡ್ಡದಿದೆಯಾ ನೋಡಿ.

ಇನ್ನು, ಕಾರ್ಬನ್ ಅಂದ ಮಾತ್ರಕ್ಕೆ ಸ್ಟಿಫ್ ಅಲ್ಲ. ಅಲ್ಯೂಮಿನಿಯಂ ಯಾವ ಕಂಪನಿಯದಾದರೂ ಅದರ ಗುಣ ಹೆಚ್ಚುಕಡಿಮೆ ಒಂದೇ. ಕಾರ್ಬನ್ ಹಾಗಲ್ಲ, ಎಳೆಗಳನ್ನು ಯಾವ ದಿಕ್ಕಿಗೆ ಹಾಸಿದ್ದಾರೆ ಅನ್ನುವುದೇ ಮುಖ್ಯ. ಉದ್ದಕ್ಕೆ ಹಾಸಿದ ಎಳೆ ಬಾಗುವುದನ್ನು ತಡೆಯುತ್ತದೆ, 45 ಡಿಗ್ರಿ ಓರೆ ಹಾಸಿದ್ದು ತಿರುಚುವುದನ್ನು ತಡೆಯುತ್ತದೆ. ದಪ್ಪವೂ ಅಷ್ಟೇ ಮುಖ್ಯ. ವಸ್ತು ಒಂದೇ ಇದ್ದು ದಪ್ಪ 19ರಿಂದ 15 ಮಿ.ಮೀ.ಗೆ ಇಳಿದರೆ ಬಾಗುವುದನ್ನು ತಡೆಯುವ ಶಕ್ತಿ ಅರ್ಧವಾಗುತ್ತದೆ. ತೆಳ್ಳಗಿನ ಮಾಸ್ಟ್ ನೀರನ್ನು ಚೆನ್ನಾಗಿ ಸೀಳುತ್ತದೆ ನಿಜ. ಹಾಗಂತ ಅಗ್ಗದ ತೆಳ್ಳನೆಯ ಕಾರ್ಬನ್ ತಂದು, ದಪ್ಪ ಅಲ್ಯೂಮಿನಿಯಂಗಿಂತ ಜಾಸ್ತಿ ಬಳುಕುತ್ತಿದೆ ಅಂತ ಬೇಜಾರು ಮಾಡಿಕೊಂಡವರನ್ನು ನೋಡಿದ್ದೇನೆ.

ಅದೇ ವಾರ ಪಣಜಿಯಲ್ಲಿ ಕೆಲಸ ಮಾಡುವ ಕುಮಟಾದ ಒಬ್ಬರು ಇದನ್ನೇ ಕೇಳಿದರು. ತೂಕ 52 ಕೆ.ಜಿ., ಕಲಿಯುತ್ತಿರುವುದು ಮೊದಲ ವರ್ಷ. ಮಗುಚಿ ನೋಡಿದೆವು, ಎಲ್ಲ ಬಿಗಿಯಾಗಿತ್ತು. "ಬೇಡ ಅಕ್ಕ, ಆ ದುಡ್ಡು ಹಾಗೇ ಇರಲಿ" ಅಂದೆ. ಅಷ್ಟು ಹಗುರ ಇದ್ದವರ ಕೆಳಗೆ ಅಲ್ಯೂಮಿನಿಯಂ ಹೇಳಿಕೊಳ್ಳುವಷ್ಟು ಬಾಗುವುದಿಲ್ಲ. ಅವರಿಗೆ ಹಳೆಯ 75 ಸೆಂ.ಮೀ. ಮಾಸ್ಟ್ ಕೊಟ್ಟು ಶಾಪೋರಾ ನದಿಯ ಮುಖದ ಕಡೆ ಕಳಿಸಿದೆ. ಅಲ್ಲಿ ಇಳಿತದ ಹೊತ್ತಿಗೆ ಮರಳಿನ ದಿಬ್ಬಗಳು ಮೇಲೆ ಬರುತ್ತವೆ, ಗಿಡ್ಡ ಮಾಸ್ಟ್ ಇದ್ದರೆ ನೆಲ ತಾಗುವ ಭಯ ಸ್ವಲ್ಪ ಕಮ್ಮಿ. ಹೊರಗಿನ ಸಮುದ್ರದಲ್ಲಿ ಅಲೆ ಎದ್ದಾಗ ಮಾತ್ರ ಗಿಡ್ಡ ಮಾಸ್ಟ್ ಕಷ್ಟ. ಬೋರ್ಡ್ ವಾಲಿಸಿದ ಕೂಡಲೇ ರೆಕ್ಕೆಯ ತುದಿ ನೀರಿನಿಂದ ಹೊರಗೆ ಬರುತ್ತದೆ.

ಹುಡುಗ ಕೊನೆಗೆ ಕಾರ್ಬನ್ ತಗೊಂಡ. ಜೈಬ್ ಈಗ ಚೆನ್ನಾಗಿ ಕೂರುತ್ತಿದೆ. ಅವನ ಫ್ಯೂಸಲಾಜ್ ಇನ್ನೂ ಅಲ್ಯೂಮಿನಿಯಂದೇ. ಕಾರ್ಬನ್, ಅಲ್ಯೂಮಿನಿಯಂ, ಉಪ್ಪುನೀರು ಮೂರೂ ಸೇರಿದರೆ ಅಲ್ಯೂಮಿನಿಯಂ ಬೇಗ ತಿನ್ನಿಸಿಕೊಳ್ಳುತ್ತದೆ. ಬಿಳಿ ಪುಡಿ ಕಟ್ಟಿ ಎರಡೂ ಕಚ್ಚಿಕೊಂಡರೆ ಬಿಡಿಸಲು ನಾನೇ ಒದ್ದಾಡಬೇಕಾಗುತ್ತದೆ. ಹಾಗಾಗಿ ಅವನಿಗೆ ಒಂದೇ ಷರತ್ತು ಹಾಕಿದ್ದೇನೆ. ಭಾನುವಾರ ಸಂಜೆ ಘಟ್ಟ ಹತ್ತುವ ಮುಂಚೆ ಎಲ್ಲ ಬಿಚ್ಚಿ, ಸಿಹಿನೀರಲ್ಲಿ ತೊಳೆದು, ಒರೆಸಿ ಬೇರೆ ಬೇರೆ ಇಡಬೇಕು.